ಕಾರಿನ ಬಾಗಿದ ಚಕ್ರ: ಸರಿಪಡಿಸುವುದೋ, ಬದಲಿಸುವುದೋ?

ಮಳೆನೀರು ತುಂಬಿ ಆಳ ಕಾಣದಂತಾದ ಗುಂಡಿಗೆ ಕಾರು ವೇಗವಾಗಿ ಇಳಿದಾಗ ಚಕ್ರಕ್ಕೆ ದೊಡ್ಡ ಪೆಟ್ಟು ಬೀಳುವುದು ಹೊರಬರುವಾಗ ಎದುರಾಗುವ ಗುಂಡಿಯ ಅಂಚಿನಿಂದ. ಆ ಅಂಚು ಟೈರನ್ನು ಒಳಕ್ಕೆ ಒತ್ತುತ್ತ ಹೋಗುತ್ತದೆ. ಟೈರಿನೊಳಗಿನ ಗಾಳಿ ಇನ್ನು ತಡೆಯಲಾರದು ಎಂಬ ಹಂತದಲ್ಲಿ ರಬ್ಬರಿನ ಪಕ್ಕಗೋಡೆ ರಸ್ತೆಗೂ ಲೋಹದ ರಿಮ್ಮಿಗೂ ನಡುವೆ ಸಿಕ್ಕಿ ಜಜ್ಜಿಹೋಗಿ, ಪೆಟ್ಟು ನೇರವಾಗಿ ರಿಮ್ಮಿಗೆ ತಲುಪಿ ಅದು ಬಾಗುತ್ತದೆ. ಹೀಗೆ ಬಾಗಿದ ಚಕ್ರದೊಡನೆ ಗ್ಯಾರೇಜಿಗೆ ಹೋದವರಿಗೆ ಒಂದು ಕಡೆ ‘ಬೆಂಡ್ ತೆಗೆದುಕೊಡುತ್ತೇವೆ’ ಎಂಬ ಭರವಸೆಯೂ ಇನ್ನೊಂದು ಕಡೆ ‘ಹೊಸದು ಹಾಕಿಸಿಬಿಡಿ’ ಎಂಬ ಸಲಹೆಯೂ ಸಿಗುತ್ತವೆ. ಬಾಗು ಕಣ್ಣಿಗೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ನೋಡಿಯೇ ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವುದು ರೂಢಿ. ವಾಸ್ತವದಲ್ಲಿ ಚಕ್ರ ಯಾವ ಲೋಹದ್ದು, ಅದರ ಯಾವ ಭಾಗ ಬಾಗಿದೆ, ಅಲ್ಲಿ ಬಿರುಕು ಬಿಟ್ಟಿದೆಯೇ, ಅದನ್ನು ಯಾವ ಕ್ರಮದಿಂದ ನೇರಗೊಳಿಸುತ್ತಾರೆ ಎಂಬ ಸಂಗತಿಗಳೇ ತೀರ್ಮಾನವನ್ನು ನಿರ್ಧರಿಸಬೇಕು.

ಚಕ್ರದ ರಚನೆಯನ್ನು ಅರಿತರೆ ಮುಂದಿನ ಮಾತು ಸುಲಭವಾಗುತ್ತದೆ. ಟೈರನ್ನು ಹೊತ್ತಿರುವ ಹೊರಗಿನ ಬಳೆಯಾಕಾರದ ಭಾಗವೇ ರಿಮ್. ಅದರ ಎರಡೂ ತುದಿಗಳಲ್ಲಿ ಮೇಲೆದ್ದಿರುವ ಅಂಚುಗಳು ಟೈರು ಪಕ್ಕಕ್ಕೆ ಜಾರದಂತೆ ತಡೆಯುತ್ತವೆ. ಅಂಚಿನ ಬುಡದಲ್ಲಿ ಟೈರಿನ ಬೀಡ್, ಅಂದರೆ ಉಕ್ಕಿನ ತಂತಿಯ ಸುತ್ತುಗಳನ್ನು ಒಳಗೊಂಡ ಗಟ್ಟಿ ಅಂಚು, ಬಿಗಿಯಾಗಿ ಕೂರುವ ಪಟ್ಟಿಯಿದೆ. ಟ್ಯೂಬ್ ಇಲ್ಲದ ಟೈರುಗಳಲ್ಲಿ ಗಾಳಿಯನ್ನು ಹಿಡಿದಿಡುವುದು ಈ ಪಟ್ಟಿಯೇ ಆದ್ದರಿಂದ ಇಲ್ಲಿ ಸಣ್ಣ ಬಾಗು ಬಿದ್ದರೂ ಗಾಳಿ ನಿಧಾನವಾಗಿ ಸೋರತೊಡಗುತ್ತದೆ. ನಡುವಿನ ಭಾಗ ಬೋಲ್ಟುಗಳ ಮೂಲಕ ಹಬ್ಬಿಗೆ ಸೇರಿಕೊಂಡಿದ್ದು, ಅಲ್ಲಿಂದ ಸ್ಪೋಕುಗಳು ಇಲ್ಲವೆ ಒಂದು ತಟ್ಟೆ ರಿಮ್ಮಿನ ಹೊರಬದಿಯತ್ತ ಚಾಚಿಕೊಂಡಿರುತ್ತವೆ. ಒಳಬದಿಗೆ ಅಂಥ ಆಸರೆಯಿಲ್ಲ. ಗುಂಡಿಯ ಪೆಟ್ಟಿಗೆ ಒಳಬದಿಯ ಅಂಚೇ ಹೆಚ್ಚಾಗಿ ಬಾಗುವುದಕ್ಕೂ, ಹೊರಗಿನಿಂದ ನೋಡಿದವರಿಗೆ ಚಕ್ರ ಸುಸ್ಥಿತಿಯಲ್ಲಿರುವಂತೆ ಕಾಣುವುದಕ್ಕೂ ಇದೇ ಕಾರಣ.

ಈಚಿನ ವರ್ಷಗಳಲ್ಲಿ ಈ ತೊಂದರೆ ಹೆಚ್ಚಾಗಿರುವುದರಲ್ಲಿ ರಸ್ತೆಯ ಜೊತೆಗೆ ಟೈರಿನ ಪಾಲೂ ಇದೆ. ಟೈರಿನ ಮೇಲೆ 185/65 ಆರ್ 15 ಎಂದು ಬರೆದಿದ್ದರೆ ಅದರ ಅಗಲ 185 ಮಿ.ಮೀ., ಪಕ್ಕಗೋಡೆಯ ಎತ್ತರ ಆ ಅಗಲದ ಶೇಕಡ 65, ರಿಮ್ಮಿನ ವ್ಯಾಸ 15 ಅಂಗುಲ ಎಂದು ಅರ್ಥ. ಲೆಕ್ಕ ಹಾಕಿದರೆ ಪಕ್ಕಗೋಡೆ ಸುಮಾರು 120 ಮಿ.ಮೀ. ಆಗುತ್ತದೆ. ಅಂದಕ್ಕಾಗಿ ದೊಡ್ಡ ಅಲಾಯ್ ಚಕ್ರ ಹಾಕಿಸಿ 205/45 ಆರ್ 17 ಟೈರು ತೊಡಿಸಿದರೆ ಪಕ್ಕಗೋಡೆ 92 ಮಿ.ಮೀ.ಗೆ ಇಳಿಯುತ್ತದೆ. ರಿಮ್ಮಿಗೂ ರಸ್ತೆಗೂ ನಡುವಿನ ರಕ್ಷಣೆ ಅಷ್ಟರಮಟ್ಟಿಗೆ ಕಡಿಮೆಯಾದಂತೆ. ಗಾಳಿಯ ಒತ್ತಡವೂ ತಗ್ಗಿದ್ದರೆ ಸಾಧಾರಣ ಗುಂಡಿಯೇ ರಿಮ್ಮನ್ನು ಬಾಗಿಸಬಲ್ಲದು.

ಬಾಗಿದ ಚಕ್ರ ನಗರದ ನಿಧಾನ ಸಂಚಾರದಲ್ಲಿ ತೆಪ್ಪಗಿದ್ದು ಹೆದ್ದಾರಿಯಲ್ಲಿ ಮಾತ್ರ ನಡುಗುವುದಕ್ಕೆ ಸರಳವಾದ ಕಾರಣವಿದೆ. ಮೇಲೆ ಹೇಳಿದ 15 ಅಂಗುಲದ ಚಕ್ರ ಒಂದು ಸುತ್ತಿಗೆ ಸುಮಾರು 1.95 ಮೀಟರ್ ದೂರ ಉರುಳುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಮೂರು ಸುತ್ತೂ ತಿರುಗುವುದಿಲ್ಲ, 80 ಕಿ.ಮೀ. ವೇಗದಲ್ಲಿ ಹನ್ನೊಂದಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಪ್ರತಿ ಸುತ್ತಿಗೂ ಬಾಗಿದ ಜಾಗ ಒಮ್ಮೆ ಒದೆಯುವುದರಿಂದ ಆ ಒದೆತಗಳು ಒಂದರ ಬೆನ್ನಿಗೆ ಒಂದು ಸೇರಿ ಸ್ಟೀರಿಂಗಿನಲ್ಲಿ ನಡುಕವಾಗಿ ಕೈಗೆ ಸಿಗುತ್ತವೆ. ಬಾಗಿದ ಚಕ್ರ ಹಿಂದಿನದಾಗಿದ್ದರೆ ನಡುಕ ಸೀಟಿನಲ್ಲಿ, ನೆಲಹಾಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಕಾರು ಒಂದು ಬದಿಗೆ ಎಳೆಯುವುದು ಮಾತ್ರ ಸಾಮಾನ್ಯವಾಗಿ ಬೇರೆ ದೋಷದ ಗುರುತು. ಅದೇ ಪೆಟ್ಟಿಗೆ ಚಕ್ರಗಳ ಕೋನ ತಪ್ಪಿರಬಹುದು, ಸಸ್ಪೆನ್ಷನ್ನಿನ ಭಾಗವೊಂದು ಬಾಗಿರಬಹುದು. ಆದ್ದರಿಂದ ಪೆಟ್ಟು ತಿಂದ ಕಾರಿಗೆ ಅಲೈನ್‌ಮೆಂಟ್ ಪರೀಕ್ಷೆಯೂ ಅಗತ್ಯ.

ನಡುಕದ ದೂರು ಕೇಳಿದೊಡನೆ ಅನೇಕ ಅಂಗಡಿಗಳು ಮಾಡುವುದು ಬ್ಯಾಲೆನ್ಸಿಂಗ್. ಚಕ್ರವನ್ನು ಯಂತ್ರದಲ್ಲಿ ತಿರುಗಿಸಿ, ಯಾವ ಕಡೆ ತೂಕ ಕಡಿಮೆಯಿದೆಯೋ ಅಲ್ಲಿ ಸಣ್ಣ ಲೋಹದ ತುಂಡುಗಳನ್ನು ಅಂಟಿಸುವ ಕೆಲಸವಿದು. ಇದು ತೂಕದ ಹಂಚಿಕೆಯನ್ನು ಸರಿಪಡಿಸುತ್ತದೆಯೇ ಹೊರತು ಆಕಾರವನ್ನಲ್ಲ. ಯಂತ್ರ ಸೊನ್ನೆ ತೋರಿಸಿದರೂ ಚಕ್ರ ದುಂಡಗಿಲ್ಲದೆ ಇರಬಹುದು. ಒಂದೇ ಚಕ್ರಕ್ಕೆ ಹಿಂದೆಂದಿಗಿಂತ ಹೆಚ್ಚು ತೂಕ ಬೇಕಾಗಿಬಂದರೆ ಅದನ್ನು ಬಾಗಿನ ಸುಳಿವೆಂದು ತಿಳಿದು ಅಳತೆಗೆ ಹೋಗಬೇಕು. ಅಳೆಯಲು ಡಯಲ್ ಗೇಜ್ ಎಂಬ ಉಪಕರಣವಿದೆ: ಅದರ ಮೊನೆಯನ್ನು ರಿಮ್ಮಿಗೆ ತಾಗಿಸಿ ಚಕ್ರವನ್ನು ಮೆಲ್ಲಗೆ ತಿರುಗಿಸಿದರೆ ಮುಳ್ಳು ಮಿಲಿಮೀಟರಿನ ನೂರರಲ್ಲೊಂದು ಭಾಗದಷ್ಟು ಸೂಕ್ಷ್ಮವಾಗಿ ಏರಿಳಿತವನ್ನು ತೋರಿಸುತ್ತದೆ. ಈ ಏರಿಳಿತಕ್ಕೆ ರನ್‌ಔಟ್ ಎಂದು ಹೆಸರು. ಮೇಲೆ-ಕೆಳಗಿನ ಏರಿಳಿತವನ್ನೂ ಪಕ್ಕದ ಓಲಾಟವನ್ನೂ ಬೇರೆಬೇರೆಯಾಗಿ, ಒಳ ಮತ್ತು ಹೊರ ಬದಿಗಳೆರಡರಲ್ಲೂ, ಟೈರು ಕಳಚಿ ಅಳೆದರೆ ಮಾತ್ರ ಚಿತ್ರ ಪೂರ್ಣವಾಗುತ್ತದೆ. ಎಷ್ಟರವರೆಗೆ ಸಹ್ಯ ಎಂಬುದನ್ನು ಕಾರಿನ ತಯಾರಕರ ಸರ್ವಿಸ್ ಕೈಪಿಡಿ ಹೇಳುತ್ತದೆ. ಅಲಾಯ್ ಚಕ್ರಗಳಿಗೆ ಉಕ್ಕಿನವಕ್ಕಿಂತ ಬಿಗಿಯಾದ ಮಿತಿಯನ್ನು ಹಾಕುವುದು ವಾಡಿಕೆ. ಅಳತೆಯಿಲ್ಲದೆ ‘ಸರಿಯಾಯಿತು’ ಎನ್ನುವ ಮಾತಿಗೆ ಬೆಲೆಯಿಲ್ಲ.

ಉಕ್ಕಿನ ಚಕ್ರದ ವಿಷಯ ಬೇಗ ಮುಗಿಯುತ್ತದೆ. ಉಕ್ಕಿನ ಹಾಳೆಯನ್ನು ಒತ್ತಿ ರೂಪಿಸಿದ ತಟ್ಟೆಯನ್ನು ರಿಮ್ಮಿಗೆ ಬೆಸೆದು ತಯಾರಿಸುವ ಈ ಚಕ್ರಗಳ ಲೋಹ ಒಡೆಯುವ ಮುನ್ನ ಬಹಳಷ್ಟು ಹಿಗ್ಗಬಲ್ಲದು. ಹಾಗಾಗಿ ಪೆಟ್ಟಿಗೆ ಅದು ಬಿರಿಯುವುದಕ್ಕಿಂತ ಬಾಗುವುದೇ ಹೆಚ್ಚು. ಅಂಚಿನಲ್ಲಿ ಬಿದ್ದ ಸಣ್ಣ ತಗ್ಗನ್ನು ಕಾಯಿಸದೆಯೇ ತಟ್ಟಿ ಅಥವಾ ಯಂತ್ರದಲ್ಲಿ ಒತ್ತಿ ಸರಿಪಡಿಸಬಹುದು. ಬೋಲ್ಟಿನ ರಂಧ್ರಗಳಿರುವ ತಟ್ಟೆಯೇ ಬಾಗಿದ್ದರೆ, ರಂಧ್ರಗಳು ಅಗಲವಾಗಿದ್ದರೆ, ಬೆಸುಗೆಯ ಬಳಿ ತುಕ್ಕು ತಿಂದಿದ್ದರೆ ಅಥವಾ ಬಿರುಕಿದ್ದರೆ ಚಕ್ರವನ್ನು ಬದಲಿಸಬೇಕು. ಸಣ್ಣ ಕಾರಿನ ಹೊಸ ಉಕ್ಕಿನ ಚಕ್ರ ಕೆಲವೇ ಸಾವಿರ ರೂಪಾಯಿಗೆ ಸಿಗುವುದರಿಂದ ಹೆಚ್ಚು ಬಾಗಿದ ಚಕ್ರಕ್ಕೆ ದುರಸ್ತಿಯ ಹಣ ಸುರಿಯುವುದರಲ್ಲಿ ಅರ್ಥವಿಲ್ಲ.

ಕಠಿಣವಾದ ಪ್ರಶ್ನೆ ಅಲಾಯ್ ಚಕ್ರದ್ದು. ಇಂಥ ಚಕ್ರಗಳಲ್ಲಿ ಹೆಚ್ಚಿನವು ಅಲ್ಯೂಮಿನಿಯಮ್ಮಿಗೆ ಸುಮಾರು ಶೇಕಡ 7ರಷ್ಟು ಸಿಲಿಕಾನ್ ಮತ್ತು ಅತ್ಯಲ್ಪ ಪ್ರಮಾಣದ ಮೆಗ್ನೀಸಿಯಮ್ ಬೆರೆಸಿ ಎರಕ ಹೊಯ್ದವು. ಎರಕದಿಂದ ಹೊರಬಂದ ಲೋಹಕ್ಕೆ ಬೇಕಾದಷ್ಟು ಬಲ ಇರುವುದಿಲ್ಲ. ಅದನ್ನು 540 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹಲವು ಗಂಟೆ ಕಾಯಿಸಿ, ನೀರಿನಲ್ಲಿ ತಟ್ಟನೆ ತಣಿಸಿ, ಮತ್ತೆ 150ರಿಂದ 160 ಡಿಗ್ರಿಯಲ್ಲಿ ಕೆಲವು ಗಂಟೆ ಹದಗೊಳಿಸುತ್ತಾರೆ. ಈ ಕ್ರಮದಲ್ಲಿ ಲೋಹದೊಳಗೆ ಮೆಗ್ನೀಸಿಯಮ್ ಮತ್ತು ಸಿಲಿಕಾನ್ ಸೇರಿದ ಅತಿ ಸೂಕ್ಷ್ಮ ಕಣಗಳು ಮೂಡಿ, ಅವೇ ಚಕ್ರಕ್ಕೆ ಬಲ ಕೊಡುತ್ತವೆ. ಬಾಗಿದ ಚಕ್ರವನ್ನು ಗ್ಯಾಸಿನ ಉರಿಯಲ್ಲಿ ಅಂದಾಜಿನ ಮೇಲೆ ಕಾಯಿಸಿದಾಗ ಕೆಡುವುದು ಈ ಹದವೇ. ಹದಗೊಳಿಸಿದ ಉಷ್ಣತೆಗಿಂತ ಬಹಳ ಮೇಲೇರಿದರೆ ಕಣಗಳು ದಪ್ಪಗಾಗಿ ಲೋಹ ಮೆತ್ತಗಾಗುತ್ತದೆ. ಉಕ್ಕು ಕಾದಾಗ ಕೆಂಪಾಗಿ ಎಚ್ಚರಿಸುವಂತೆ ಅಲ್ಯೂಮಿನಿಯಮ್ ಬಣ್ಣ ಬದಲಿಸುವುದಿಲ್ಲವಾದ್ದರಿಂದ ಮಿತಿ ದಾಟಿದ್ದು ಕೆಲಸಗಾರನಿಗೆ ಕಾಣುವುದೂ ಇಲ್ಲ. ಹಾಗೆಂದು ಕಾಯಿಸದೆ ಒತ್ತಿದರೆ ಅಪಾಯ ತಪ್ಪಿತೆಂದಲ್ಲ. ತಂತಿಯೊಂದನ್ನು ಒಂದೇ ಜಾಗದಲ್ಲಿ ಅತ್ತಿತ್ತ ಬಾಗಿಸುತ್ತಿದ್ದರೆ ಅದು ಕಡೆಗೆ ತುಂಡಾಗುವ ಹಾಗೆ, ಹಿಗ್ಗುವ ಗುಣ ಕಡಿಮೆಯಿರುವ ಈ ಎರಕದ ಲೋಹ ಒಮ್ಮೆ ಬಾಗಿ ಇನ್ನೊಮ್ಮೆ ನೇರವಾಗುವಷ್ಟರಲ್ಲಿ ತನ್ನ ತಾಳ್ಮೆಯ ದೊಡ್ಡ ಪಾಲನ್ನು ಕಳೆದುಕೊಂಡಿರುತ್ತದೆ. ಹಿತಮಿತವಾಗಿ, ಉಷ್ಣತೆಯನ್ನು ಅಳೆಯುತ್ತ ಕಾಯಿಸಿ, ಹೈಡ್ರಾಲಿಕ್ ಯಂತ್ರದಲ್ಲಿ ಸ್ವಲ್ಪಸ್ವಲ್ಪವಾಗಿ ಒತ್ತುವ ಕ್ರಮವೇ ಇರುವುದರಲ್ಲಿ ಮೇಲು. ಉರಿಯ ಮುಂದೆ ಹಿಡಿದು ಸುತ್ತಿಗೆಯಿಂದ ಬಡಿಯುವಲ್ಲಿಗೆ ಅಲಾಯ್ ಚಕ್ರವನ್ನು ಒಯ್ಯಲೇಬಾರದು.

ಬಿರುಕಿನ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಸ್ಪೋಕಿನಲ್ಲಿ, ಬೋಲ್ಟಿನ ರಂಧ್ರಗಳ ಸುತ್ತ, ಬೀಡ್ ಕೂರುವ ಪಟ್ಟಿಯಲ್ಲಿ ಬಿರುಕು ಬಿಟ್ಟ ಅಲಾಯ್ ಚಕ್ರದ ಆಯುಷ್ಯ ಮುಗಿಯಿತು. ಬಿರುಕಿಗೆ ವೆಲ್ಡಿಂಗ್ ಮಾಡಿ, ಉಜ್ಜಿ, ಬಣ್ಣ ಬಳಿದು ಹೊಸದರಂತೆ ಕೊಡುವ ಅಂಗಡಿಗಳುಂಟು. ಆದರೆ ಬೆಸುಗೆಯ ಕಾವು ಅದರ ಸುತ್ತಲಿನ ಲೋಹದ ಹದವನ್ನು ಕೆಡಿಸಿರುತ್ತದೆ, ಮುಂದಿನ ಬಿರುಕು ಆ ಮೆತ್ತಗಾದ ಜಾಗದಲ್ಲೇ ಹುಟ್ಟುತ್ತದೆ. ಹೊಸ ಚಕ್ರದ ವಿನ್ಯಾಸವನ್ನು ತಯಾರಕರು ಭಾರ ಹೊರಿಸಿ ಲಕ್ಷಗಟ್ಟಲೆ ಸುತ್ತು ತಿರುಗಿಸಿ, ತಿರುವಿನಲ್ಲಿ ಬೀಳುವಂಥ ಬಾಗಿಸುವ ಬಲವನ್ನು ಕೊಟ್ಟು, 13 ಡಿಗ್ರಿ ಓರೆಯಾಗಿ ನಿಲ್ಲಿಸಿ ಭಾರದ ಗುಂಡನ್ನು ಮೇಲಿನಿಂದ ಬೀಳಿಸಿ ಪರೀಕ್ಷಿಸಿರುತ್ತಾರೆ. ಬೆಸೆದ ಚಕ್ರ ಇವುಗಳಲ್ಲಿ ಒಂದನ್ನೂ ದಾಟಿ ಬಂದದ್ದಲ್ಲ. ಸಂಸಾರವನ್ನು ಕೂರಿಸಿಕೊಂಡು ಶಿರಾಡಿ ಘಾಟಿಯ ಇಳಿಜಾರಿನಲ್ಲಿ ಸಾಗುವ ಕಾರಿಗೆ ಅಂಥ ಚಕ್ರವನ್ನು ತೊಡಿಸುವುದು ಯಾವ ಉಳಿತಾಯದ ಹೆಸರಿನಲ್ಲೂ ಸಲ್ಲದು.

ಕಣ್ಣಿಗೆ ಕಾಣದ ಬಿರುಕನ್ನು ಪತ್ತೆಹಚ್ಚುವ ಸುಲಭ ವಿಧಾನವೂ ಇದೆ. ಬಣ್ಣ ತೆಗೆದು ಸ್ವಚ್ಛಗೊಳಿಸಿದ ಲೋಹದ ಮೇಲೆ ಕೆಂಪು ದ್ರವವೊಂದನ್ನು ಸಿಂಪಡಿಸಿ, ಅದು ಬಿರುಕಿನೊಳಕ್ಕೆ ಇಳಿಯುವಷ್ಟು ಕಾಲ ಬಿಟ್ಟು, ಮೇಲ್ಮೈಯನ್ನು ಒರೆಸಿ ಬಿಳಿಯ ಪುಡಿಯಂಥ ಲೇಪವನ್ನು ಹಚ್ಚಿದರೆ, ಬಿರುಕಿನಲ್ಲಿ ಉಳಿದ ಕೆಂಪು ಹೊರಬಂದು ಗೆರೆಯಾಗಿ ಎದ್ದು ಕಾಣುತ್ತದೆ. ಡೈ ಪೆನಟ್ರಂಟ್ ಪರೀಕ್ಷೆ ಎಂದು ಕರೆಯುವ ಇದಕ್ಕೆ ಬೇಕಾದ ದ್ರವಗಳು ಸ್ಪ್ರೇ ಡಬ್ಬಿಗಳಲ್ಲೇ ದೊರೆಯುತ್ತವೆ. ಇದನ್ನು ನೇರಗೊಳಿಸುವ ಮೊದಲೊಮ್ಮೆ, ನೇರಗೊಳಿಸಿದ ಮೇಲೆ ಇನ್ನೊಮ್ಮೆ ಮಾಡಬೇಕು, ಏಕೆಂದರೆ ಮೊದಲಿಲ್ಲದ ಬಿರುಕು ಒತ್ತುವಾಗ ಹುಟ್ಟಬಹುದು.

ಹಾಗಾದರೆ ದುರಸ್ತಿಗೆ ಯೋಗ್ಯವಾದ ಅಲಾಯ್ ಚಕ್ರ ಯಾವುದು? ಬಾಗು ಒಳಬದಿಯ ಅಂಚಿನ ಒಂದೇ ಜಾಗದಲ್ಲಿದ್ದು, ಅಳತೆಯಲ್ಲಿ ಕೆಲವೇ ಮಿಲಿಮೀಟರ್ ಆಗಿದ್ದು, ಸ್ಪೋಕುಗಳಿಗೂ ನಡುಭಾಗಕ್ಕೂ ಪೆಟ್ಟು ತಗಲದೆ, ಬಿರುಕಿಲ್ಲವೆಂದು ಪರೀಕ್ಷೆ ತೋರಿಸಿ, ಅದೇ ಜಾಗವನ್ನು ಹಿಂದೆ ನೇರಗೊಳಿಸಿರದಿದ್ದರೆ ಒಂದು ಸಲದ ದುರಸ್ತಿ ಒಪ್ಪತಕ್ಕದ್ದು. ಕೆಲವು ತಯಾರಕರು ಅಲಾಯ್ ಚಕ್ರವನ್ನು ಕಾಯಿಸುವುದಾಗಲಿ ಬಾಗಿಸುವುದಾಗಲಿ ಕೂಡದೆಂದೇ ಹೇಳುತ್ತಾರೆ. ಅಂಥಲ್ಲಿ ಅವರ ಮಾತೇ ಅಂತಿಮ. ಕಲ್ಲಿಗೆ ಉಜ್ಜಿ ಹೊರ ಅಂಚು ಗೀಚಿದ್ದರೆ ಅದು ಅಂದದ ಪ್ರಶ್ನೆ ಮಾತ್ರ. ಬಾಗಿದ ಚಕ್ರವನ್ನು ಹಿಂದಕ್ಕೆ ಹಾಕಿಸಿ ಸ್ಟೀರಿಂಗಿನ ನಡುಕ ನಿಂತಿತೆಂದು ಸಮಾಧಾನಪಡುವುದು, ಇಲ್ಲವೆ ಅದನ್ನೇ ಸ್ಟೆಪ್ನಿಯಾಗಿ ಇಟ್ಟುಕೊಳ್ಳುವುದು ದೋಷವನ್ನು ಕಣ್ಮರೆ ಮಾಡುವ ದಾರಿಗಳು. ಸ್ಟೆಪ್ನಿ ಬೇಕಾಗುವುದು ಬೇರೆ ದಾರಿಯಿಲ್ಲದ ಹೊತ್ತಿನಲ್ಲಿ ಎಂಬುದನ್ನು ಮರೆಯಬಾರದು. ಚಕ್ರದ ಜೊತೆಗೆ ಟೈರನ್ನೂ ಒಳಗೆ ಹೊರಗೆ ಪರೀಕ್ಷಿಸಬೇಕು. ಪಕ್ಕಗೋಡೆಯಲ್ಲಿ ಬುಗುಟು ಎದ್ದಿದ್ದರೆ ಒಳಗಿನ ದಾರಗಳು ಹರಿದಿವೆ ಎಂದೇ ಅರ್ಥ, ಅದಕ್ಕೆ ದುರಸ್ತಿಯಿಲ್ಲ.

ಖರ್ಚನ್ನು ವಿಮೆ ಭರಿಸುವುದೆಂಬ ನಿರೀಕ್ಷೆಯನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಖಾಸಗಿ ಕಾರಿನ ಸಾಮಾನ್ಯ ಸಮಗ್ರ ವಿಮೆಯಲ್ಲಿ ಲೋಹದ ಭಾಗಗಳಿಗೆ ಕಾರಿನ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯುತ್ತಾರೆ. ಮೂರು ವರ್ಷ ದಾಟಿ ನಾಲ್ಕು ಮೀರದ ಕಾರಿಗೆ ಅದು ಶೇಕಡ 25. ಜೊತೆಗೆ 1500 ಸಿ.ಸಿ.ವರೆಗಿನ ಎಂಜಿನ್ನಿನ ಕಾರಿನ ಮಾಲೀಕರು ಕಡ್ಡಾಯವಾಗಿ ₹1,000 ತಾವೇ ಭರಿಸಬೇಕು. ₹8,000 ಬೆಲೆಯ ಚಕ್ರವೆಂದಿಟ್ಟುಕೊಂಡರೆ ಕೈಗೆ ಬರುವುದು ₹5,000. ಇದಕ್ಕಾಗಿ ಕ್ಲೇಮ್ ಮಾಡಿದರೆ ಮುಂದಿನ ವರ್ಷ ಸ್ವಂತ ವಾಹನದ ಹಾನಿಗೆಂದು ಕಟ್ಟುವ ಪ್ರೀಮಿಯಮ್ಮಿನಲ್ಲಿ ಶೇಕಡ 20ರಿಂದ 50ರವರೆಗೆ ಸಿಗುತ್ತಿದ್ದ ನೋ ಕ್ಲೇಮ್ ಬೋನಸ್ ಕೈತಪ್ಪಿ, ಅನೇಕರಿಗೆ ಲಾಭಕ್ಕಿಂತ ನಷ್ಟವೇ ಹೆಚ್ಚಾಗಬಹುದು. ಟೈರಿಗೆ ಮಾತ್ರ ಹಾನಿಯಾಗಿದ್ದರೆ ಈ ವಿಮೆ ಏನನ್ನೂ ಕೊಡುವುದಿಲ್ಲ. ವಾಹನಕ್ಕೂ ಅದೇ ಹೊತ್ತಿನಲ್ಲಿ ಹಾನಿಯಾಗಿದ್ದರೆ ಟೈರಿನ ಬೆಲೆಯ ಅರ್ಧದವರೆಗೆ ಸಿಗುತ್ತದೆ.

ಬದಲಿಸುವುದೆಂದು ನಿರ್ಧಾರವಾದ ಮೇಲೆ ಹೊಸ ಚಕ್ರದ ವ್ಯಾಸ ಮತ್ತು ಅಗಲದ ಜೊತೆಗೆ ಬೋಲ್ಟುಗಳ ಸಂಖ್ಯೆ, ಅವು ಕೂರುವ ವೃತ್ತದ ವ್ಯಾಸ, ನಡುರಂಧ್ರದ ಅಳತೆ, ಆಫ್‌ಸೆಟ್, ಅಂದರೆ ಹಬ್ಬಿಗೆ ತಾಗುವ ಮುಖ ರಿಮ್ಮಿನ ನಟ್ಟನಡುವಿನಿಂದ ಎಷ್ಟು ದೂರದಲ್ಲಿದೆ ಎಂಬ ಅಳತೆ, ಇವೆಲ್ಲವೂ ಹಳೆಯದಕ್ಕೆ ಹೊಂದಬೇಕು. ಒಂದೇ ಚಕ್ರ ಬದಲಿಸಿದರೆ ಸಾಕು. ನಾಲ್ಕನ್ನೂ ಬದಲಿಸಬೇಕೆಂಬ ಒತ್ತಾಯಕ್ಕೆ ತಾಂತ್ರಿಕ ಆಧಾರವಿಲ್ಲ. ಭಾರತೀಯ ಮಾನಕ ಸಂಸ್ಥೆಯ ಐ.ಎಸ್.ಐ. ಗುರುತು ಇದೆಯೇ ಎಂದು ನೋಡಿ ಕೊಳ್ಳಬೇಕು. ಜೋಡಿಸಿದ ಮೇಲೆ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ತಯಾರಕರು ಹೇಳಿದಷ್ಟೇ ಬಿಗಿಸಿ, ನೂರು ಕಿ.ಮೀ. ಓಡುವಷ್ಟರಲ್ಲಿ ಮತ್ತೊಮ್ಮೆ ಪರೀಕ್ಷಿಸಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಗಳಲ್ಲಿ ಸೆಕೆಂಡ್ ಹ್ಯಾಂಡ್ ಚಕ್ರ ಕೊಳ್ಳುವವರು ಟೈರಿಲ್ಲದ ಚಕ್ರವನ್ನು ಯಂತ್ರಕ್ಕೇರಿಸಿ ಒಳಬದಿಯನ್ನು ನೋಡದೆ, ಹೊಸ ಬಣ್ಣವನ್ನು ನಂಬಿ ಹಣ ಕೊಡಬಾರದು.

ಬಿರುಕುಬಿಟ್ಟ ಚಕ್ರವನ್ನು ಇಡಿಯಾಗಿ ಗುಜರಿಗೆ ಕೊಟ್ಟರೆ ಅದು ಬೆಸುಗೆ ಹಾಕಿಸಿಕೊಂಡು, ಬಣ್ಣ ಹಚ್ಚಿಸಿಕೊಂಡು ಇನ್ನೊಬ್ಬರ ಕಾರಿಗೆ ಸೇರುವ ಸಾಧ್ಯತೆ ಇದ್ದೇ ಇದೆ. ಬದಲಿಸಿದವರು ಆ ಹಳೆಯ ಚಕ್ರವನ್ನು ಗ್ಯಾರೇಜಿನಲ್ಲೇ ಎರಡಾಗಿ ಕತ್ತರಿಸಿ ಆಮೇಲೆ ಗುಜರಿಗೆ ಹಾಕಲಿ. ಅಲ್ಯೂಮಿನಿಯಮ್ಮಿಗೆ ಸಿಗುವ ತೂಕದ ಬೆಲೆ ತುಂಡಾದರೂ ಸಿಗುತ್ತದೆ.