ನೆಲದಡಿಯ ಕೆರೆಗಳು

ಮಳೆಗಾಲದಲ್ಲಿ ಹಿಂದ್‌ಮಾತಾ ಎಂಬ ಹೆಸರನ್ನು ಕೇಳದ ಮುಂಬಯಿಗರು ಇರಲಾರರು. ದಾದರ್ ಮತ್ತು ಪರೇಲ್ ನಡುವಿನ ಈ ತಗ್ಗಿನಲ್ಲಿ ಒಂದು ಜೋರು ಮಳೆಗೆ ಮೊಣಕಾಲುದ್ದ ನೀರು ನಿಲ್ಲುತ್ತಿದ್ದುದು ಹಲವು ದಶಕಗಳ ಕಥೆ. 2021ರ ನಂತರ ಮಹಾನಗರಪಾಲಿಕೆ ಇದಕ್ಕೊಂದು ಬೇರೆ ಬಗೆಯ ಉಪಾಯ ಹೂಡಿತು. ಪರೇಲಿನ ಸೇಂಟ್ ಝೇವಿಯರ್ ಮೈದಾನದ ಅಡಿಯಲ್ಲಿ, ದಾದರ್ ಪಶ್ಚಿಮದ ಪ್ರಮೋದ್ ಮಹಾಜನ್ ಉದ್ಯಾನದ ಅಡಿಯಲ್ಲಿ ಭಾರಿ ತೊಟ್ಟಿಗಳನ್ನು ಕಟ್ಟಿಸಿತು. ಹಿಂದ್‌ಮಾತಾದಲ್ಲಿ ನಿಂತ ನೀರನ್ನು ಪಂಪುಗಳು ಅಲ್ಲಿಗೆ ಸಾಗಿಸುತ್ತವೆ. ಸಮುದ್ರದ ಉಬ್ಬರ ಇಳಿದ ಮೇಲೆ ಅದನ್ನು ಹೊರಗೆ ಬಿಡಲಾಗುತ್ತದೆ.

ನೆಲದಲ್ಲಿ ಒಂದು ಹೊಂಡ ತೋಡಿ, ಕಾಂಕ್ರೀಟ್ ಗೋಡೆ ಎಬ್ಬಿಸಿ, ಮೇಲೆ ಮುಚ್ಚಳ ಹಾಕಿದರೆ ಮುಗಿಯಿತಲ್ಲ ಎಂದು ಯಾರಿಗಾದರೂ ಅನಿಸಬಹುದು. ಆದರೆ ಇಂಥ ತೊಟ್ಟಿಯ ವಿನ್ಯಾಸ ಅಷ್ಟು ಸರಳವಲ್ಲ. ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಯುವಮಿತ್ರರಿಗೆ ಮಾತ್ರವಲ್ಲ, ಈ ಊರುಗಳಲ್ಲಿ ಹುಟ್ಟಿ ಬೆಳೆದ ಎಲ್ಲರಿಗೂ ಇದರ ಒಳಗುಟ್ಟು ಗೊತ್ತಿದ್ದರೆ ಒಳ್ಳೆಯದು.

ನೀರನ್ನು ತಡೆದು ನಿಲ್ಲಿಸುವುದೇಕೆ?

2005ರ ಜುಲೈ 26ರಂದು ಸಾಂತಾಕ್ರೂಝ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಬಿತ್ತು. ಮುಂಬಯಿಯ ಹಳೆಯ ಚರಂಡಿಗಳು ಗಂಟೆಗೆ ಸುಮಾರು 25 ಮಿ.ಮೀ. ಮಳೆಯನ್ನು ಸಾಗಿಸಲು ಮಾತ್ರ ಕಟ್ಟಿದಂಥವು. ಮೇಲಾಗಿ ಉಬ್ಬರದ ಹೊತ್ತಿನಲ್ಲಿ ಸಮುದ್ರದ ಮಟ್ಟ ಚರಂಡಿಯ ಬಾಯಿಗಿಂತ ಮೇಲೇರುತ್ತದೆ. ಆಗ ಊರಿನ ನೀರು ಹೊರಗೆ ಹೋಗುವ ಬದಲು ಸಮುದ್ರದ ನೀರೇ ಒಳಗೆ ಬರಲು ನೋಡುತ್ತದೆ. ಇಂಥ ಕೆಲವು ಗಂಟೆಗಳನ್ನು ದಾಟಿಸಲು ನೀರಿಗೊಂದು ತಾತ್ಕಾಲಿಕ ತಂಗುದಾಣ ಬೇಕು.

ಈ ಯೋಚನೆ ನಮಗೆ ಹೊಸದಲ್ಲ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತಾಗ, ಮರುವರ್ಷ ನಿಜಾಮರ ಸರಕಾರ ಸಲಹೆಗಾಗಿ ಕರೆಸಿಕೊಂಡದ್ದು ಸರ್ ಎಂ. ವಿಶ್ವೇಶ್ವರಯ್ಯನವರನ್ನು. ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, ಮುಂಬಯಿ ಪ್ರಾಂತ್ಯದಲ್ಲಿ ಸೇವೆ ಸಲ್ಲಿಸಿದ ಹೊರನಾಡ ಕನ್ನಡಿಗರು ಅವರು. ಪ್ರವಾಹವನ್ನು ಊರಿನ ಮೇಲ್ಗಡೆಯೇ ಹಿಡಿದಿಟ್ಟು ನಿಧಾನವಾಗಿ ಬಿಡಬೇಕು ಎಂಬುದು ಅವರ ಯೋಜನೆಯ ತಿರುಳು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು.

ನಿಮ್ಮ ಅಜ್ಜನ ಊರಿನ ಕೆರೆಯಲ್ಲೂ ಇದೇ ತತ್ವವನ್ನು ಕಾಣಬಹುದು. ನೀರನ್ನು ಬೇಕಾದಷ್ಟೇ ಬಿಡಲು ತೂಬು; ಕೆರೆ ತುಂಬಿದಾಗ ಏರಿ ಒಡೆಯದಂತೆ ಹೆಚ್ಚಿನ ನೀರು ಹರಿದುಹೋಗಲು ಕೋಡಿ. ನೆಲದಡಿಯ ತೊಟ್ಟಿಗೂ ಇವೆರಡು ಬೇಕೇ ಬೇಕು. ಊರ ಮಧ್ಯೆ ಕೆರೆಗೆ ಜಾಗ ಸಿಗದ ಕಾರಣ ಅದು ಮೈದಾನದ ಕೆಳಗೆ ಇಳಿದಿದೆ, ಅಷ್ಟೆ.

ಎಷ್ಟು ದೊಡ್ಡ ತೊಟ್ಟಿ ಬೇಕು? ಒಂದು ಹೆಕ್ಟೇರ್, ಅಂದರೆ ಎರಡೂವರೆ ಎಕರೆ ಜಾಗದಲ್ಲಿ ಗಂಟೆಗೆ 50 ಮಿ.ಮೀ. ಮಳೆ ಬಿದ್ದರೆ 500 ಘನಮೀಟರ್, ಎಂದರೆ 5 ಲಕ್ಷ ಲೀಟರ್ ನೀರಾಗುತ್ತದೆ. ಡಾಂಬರು, ಕಾಂಕ್ರೀಟು ತುಂಬಿದ ಪೇಟೆಯಲ್ಲಿ ಅದರ ಬಹುಪಾಲು ನೆಲಕ್ಕೆ ಇಂಗದೆ ಹರಿಯುತ್ತದೆ.

ಖಾಲಿ ತೊಟ್ಟಿ ಒಂದು ದೋಣಿ

ಈಗ ಮುಖ್ಯ ವಿಷಯಕ್ಕೆ ಬರೋಣ. 20 ಮೀಟರ್ ಉದ್ದ, 10 ಮೀಟರ್ ಅಗಲ, 5 ಮೀಟರ್ ಎತ್ತರದ ಒಂದು ತೊಟ್ಟಿ ಇದೆ ಎನ್ನಿ. ಮೇಲಿನಂಥ ಜಾಗದ ಒಂದೂವರೆ ಗಂಟೆಯ ಮಳೆಯನ್ನು ಅದು ಹಿಡಿದಿಡಬಲ್ಲದು. ಅದು ತುಂಬಿದ್ದಾಗ ಚಿಂತೆಯಿಲ್ಲ. ಅಪಾಯವಿರುವುದು ಖಾಲಿ ಇದ್ದಾಗ.

ಮಳೆಗಾಲದಲ್ಲಿ, ಅದರಲ್ಲೂ ಸಮುದ್ರತೀರದ ಊರುಗಳಲ್ಲಿ, ಅಂತರ್ಜಲ ನೆಲಮಟ್ಟದ ಹತ್ತಿರಕ್ಕೇ ಬರುತ್ತದೆ. ಶಾಲೆಯಲ್ಲಿ ಓದಿದ ಆರ್ಕಿಮಿಡೀಸನ ತತ್ವವನ್ನು ನೆನಪಿಸಿಕೊಳ್ಳಿ. ನಮ್ಮ ತೊಟ್ಟಿಯ ಹೊರ ಅಳತೆ 1000 ಘನಮೀಟರ್. ಆದ್ದರಿಂದ ಸುತ್ತಲಿನ ನೀರು ಅದನ್ನು 1000 ಟನ್ ಬಲದಿಂದ ಮೇಲಕ್ಕೆ ಎತ್ತುತ್ತದೆ. ಅರ್ಧ ಮೀಟರ್ ದಪ್ಪದ ತಳ, 40 ಸೆಂಟಿಮೀಟರ್ ಗೋಡೆ, 30 ಸೆಂಟಿಮೀಟರ್ ಚಾವಣಿ ಎಂದು ಹಿಡಿದರೆ ಕಾಂಕ್ರೀಟಿನ ತೂಕ ಸುಮಾರು 645 ಟನ್ ಮಾತ್ರ. ಲೆಕ್ಕ ಸ್ಪಷ್ಟವಾಗಿದೆ: ತೊಟ್ಟಿ ತೇಲುತ್ತದೆ! ನೆಲ ಸೀಳಿಕೊಂಡು ಒಂದು ಮೂಲೆ ಮೇಲೆದ್ದರೂ ಸಾಕು, ಕೊಳವೆಗಳು ಮುರಿದು ಕಟ್ಟಡ ನಿರುಪಯೋಗಿಯಾಗುತ್ತದೆ.

ಚಾವಣಿಯ ಮೇಲೆ ಒಂದು ಮೀಟರ್ ಮಣ್ಣು ಹೇರಿದರೆ ಸಾಲದೇ? ಸಾಲದು. ನೀರಿನಲ್ಲಿ ನೆನೆದ ಮಣ್ಣಿನ ತೂಕವೂ ಕಡಿಮೆಯಾಗುವುದರಿಂದ ಸುಮಾರು 190 ಟನ್ನಷ್ಟೇ ಸಿಗುತ್ತದೆ. ಮೇಲೆತ್ತುವ ಬಲಕ್ಕಿಂತ ತೂಕ ಶೇಕಡಾ 20ರಷ್ಟಾದರೂ ಹೆಚ್ಚಿರಬೇಕೆಂಬುದು ವಾಡಿಕೆ. ಆದುದರಿಂದ ತಳವನ್ನು ಇನ್ನೂ ದಪ್ಪ ಮಾಡುತ್ತಾರೆ, ಅಥವಾ ಗೋಡೆಯಿಂದ ಹೊರಗೆ ಚಾಚಿ ಅದರ ಮೇಲೂ ಮಣ್ಣು ಕೂರುವಂತೆ ಮಾಡುತ್ತಾರೆ, ಇಲ್ಲವೇ ಕೆಳಗಿನ ಬಂಡೆಗೆ ಉಕ್ಕಿನ ಸರಳುಗಳಿಂದ ಬಿಗಿಯುತ್ತಾರೆ.

ಟೋಕಿಯೋ ಬಳಿಯ ಕಸುಕಾಬೆಯಲ್ಲಿ 2006ರಲ್ಲಿ ಪೂರ್ಣಗೊಂಡ ಪ್ರವಾಹ ಸುರಂಗದ ತೊಟ್ಟಿ 177 ಮೀಟರ್ ಉದ್ದ, 78 ಮೀಟರ್ ಅಗಲವಿದೆ. ಅದರಲ್ಲಿ 59 ಕಂಬಗಳಿವೆ, ಒಂದೊಂದರ ತೂಕ 500 ಟನ್. ದೇವಾಲಯದ ಹಜಾರದಂತೆ ಕಾಣುವ ಈ ಕಂಬಗಳು ಚಾವಣಿಯನ್ನು ಹೊರುವುದಕ್ಕಷ್ಟೇ ಅಲ್ಲ, ಇಡೀ ತೊಟ್ಟಿ ತೇಲದಂತೆ ಅದುಮಿ ಹಿಡಿಯುವುದಕ್ಕೂ ಇವೆ.

ಕಟ್ಟುವಾಗ ಅಪಾಯ ಇನ್ನೂ ಹೆಚ್ಚು. ಚಾವಣಿ ಬಿದ್ದಿರುವುದಿಲ್ಲ, ಮಣ್ಣು ಹಾಕಿರುವುದಿಲ್ಲ. ಹೊಂಡದ ನೀರನ್ನು ಪಂಪುಗಳು ಹೊರಹಾಕುತ್ತಿರುತ್ತವೆ. ಒಂದು ರಾತ್ರಿ ವಿದ್ಯುತ್ ಹೋಗಿ ಪಂಪು ನಿಂತರೆ, ತೊಟ್ಟಿಯೊಳಕ್ಕೆ ಬೇಕೆಂದೇ ನೀರು ತುಂಬಿ ಅದನ್ನು ಉಳಿಸಿಕೊಳ್ಳಬೇಕಾದ ಸಂದರ್ಭವೂ ಬರುತ್ತದೆ.

ಗೋಡೆಗೆ ಎರಡು ಪರೀಕ್ಷೆ

ಗೋಡೆಯ ಕಷ್ಟವೂ ಕಡಿಮೆಯದಲ್ಲ. ತೊಟ್ಟಿ ಖಾಲಿ ಇದ್ದಾಗ ಹೊರಗಿನ ಮಣ್ಣೂ ನೀರೂ ಅದನ್ನು ಒಳಕ್ಕೆ ತಳ್ಳುತ್ತವೆ. ಸುತ್ತ ಮಣ್ಣು ತುಂಬುವ ಮೊದಲು ಸೋರಿಕೆಯ ಪರೀಕ್ಷೆಗೆಂದು ನೀರು ತುಂಬಿದಾಗ ಗೋಡೆ ಹೊರಕ್ಕೆ ಬಾಗುತ್ತದೆ. 5 ಮೀಟರ್ ಆಳದಲ್ಲಿ ಪ್ರತಿ ಚದರ ಮೀಟರಿಗೆ 5 ಟನ್ ನೀರಿನ ಒತ್ತಡವಿರುತ್ತದೆ. ಕಾಂಕ್ರೀಟು ಎಳೆತವನ್ನು ತಾಳಲಾರದು; ಆದ್ದರಿಂದ ಗೋಡೆಯ ಎರಡೂ ಮುಖಗಳಲ್ಲಿ ಉಕ್ಕಿನ ಸರಳು ಬೇಕು. ಬಿರುಕು 0.2 ಮಿ.ಮೀ.ಗಿಂತ ಅಗಲವಾಗದಂತೆ ಲೆಕ್ಕ ಹಾಕುತ್ತಾರೆ. ಹೆಚ್ಚಾದರೆ ನೀರು ಒಳಹೊಕ್ಕು ಸರಳು ತುಕ್ಕು ಹಿಡಿಯುತ್ತದೆ. ಉಪ್ಪುನೀರಿನ ಮುಂಬಯಿಯಲ್ಲಂತೂ ಇದು ಬೇಗ ಆಗುತ್ತದೆ.

ಯಂತ್ರಗಳಿಗೆ ಎಲ್ಲಿ ಜಾಗ?

ನೆಲದಡಿಯಲ್ಲಿ ನೀರು ಮಾತ್ರವಲ್ಲ, ಪಂಪು, ಜನರೇಟರ್, ವಿದ್ಯುತ್ ಫಲಕ, ಸಾಮಾನು ಸರಂಜಾಮುಗಳನ್ನೂ ಇಡುತ್ತೇವೆ. ಇಂಥ ಕೋಣೆಗೆ ನಿಯಮಗಳು ತಿರುಗುಮುರುಗು: ತೊಟ್ಟಿ ನೀರನ್ನು ಒಳಗಿಟ್ಟುಕೊಳ್ಳಬೇಕು, ಯಂತ್ರದ ಕೋಣೆ ಹೊರಗಿಡಬೇಕು. ನೀರಿನಲ್ಲಿ ಮುಳುಗಿಯೇ ಕೆಲಸ ಮಾಡುವ ಪಂಪುಗಳಿವೆ. ಆದರೆ ವಿದ್ಯುತ್ ಫಲಕ ಮಾತ್ರ ನೆರೆಯ ಮಟ್ಟಕ್ಕಿಂತ ಮೇಲಿರಬೇಕು. ನೀರು ಬಂದಾಗ ಮೊದಲು ಕೆಡುವುದು ನೀರೆತ್ತುವ ಪಂಪೇ ಆದರೆ ಏನು ಪ್ರಯೋಜನ? ಇಳಿಯುವ ದಾರಿಯ ಬಾಯಲ್ಲಿ ರಸ್ತೆಗಿಂತ ಎತ್ತರದ ದಿಬ್ಬ, ಮೂಲೆಯಲ್ಲೊಂದು ಸಣ್ಣ ಗುಂಡಿ, ಹೊರಹೋಗಲು ಎರಡನೆಯ ದಾರಿ, ಇವು ಕನಿಷ್ಠ ಅಗತ್ಯಗಳು.

2024ರ ಜುಲೈ 27ರಂದು ದೆಹಲಿಯ ಓಲ್ಡ್ ರಾಜೇಂದ್ರ ನಗರದಲ್ಲಿ ನಡೆದುದನ್ನು ಮರೆಯುವಂತಿಲ್ಲ. ಸಾಮಾನು ಇಡಲೆಂದು ಅನುಮತಿ ಪಡೆದ ನೆಲಮಾಳಿಗೆಯನ್ನು ಒಂದು ಕೋಚಿಂಗ್ ಕೇಂದ್ರ ಓದುವ ಕೋಣೆಯನ್ನಾಗಿ ಮಾಡಿತ್ತು. ರಸ್ತೆಯ ಮಳೆನೀರು ನುಗ್ಗಿ ನಿಮ್ಮದೇ ವಯಸ್ಸಿನ ಮೂವರು ವಿದ್ಯಾರ್ಥಿಗಳು ಸತ್ತರು. ಸಾಮಾನಿಗಾಗಿ ಕಟ್ಟಿದ ಜಾಗ ಮನುಷ್ಯರಿಗೆ ಸಲ್ಲದು ಎಂಬ ಒಂದು ಸಾಲಿನ ನಿಯಮದ ಹಿಂದೆ ಇಷ್ಟೆಲ್ಲ ಲೆಕ್ಕವಿದೆ. ಒಂದು ಮೀಟರ್ ಅಗಲದ ಬಾಗಿಲಿನ ಹಿಂದೆ ಒಂದು ಮೀಟರ್ ನೀರು ನಿಂತರೆ ಅದು ಅರ್ಧ ಟನ್ ಬಲದಿಂದ ಬಾಗಿಲನ್ನು ಒತ್ತುತ್ತದೆ. ಎಂಥ ಗಟ್ಟಿಗನಿಗೂ ಅದನ್ನು ತನ್ನ ಕಡೆಯಿಂದ ತಳ್ಳಿ ತೆರೆಯಲಾಗದು.

ಆದ್ದರಿಂದ ಯುವಮಿತ್ರರೇ, ಜೋರು ಮಳೆ ಬರುವಾಗ ಗಾಡಿ ತೆಗೆಯಲೆಂದು ನೆಲಮಾಳಿಗೆಗೆ ಇಳಿಯಬೇಡಿ. ಮುಚ್ಚಿದ ತೊಟ್ಟಿಗೆ ಪರೀಕ್ಷೆ ಇಲ್ಲದೆ ಯಾರನ್ನೂ ಇಳಿಸಬೇಡಿ. ಅಲ್ಲಿ ವಿಷಾನಿಲ ಇರಬಹುದು, ಉಸಿರಾಡುವ ಗಾಳಿ ಇಲ್ಲದಿರಬಹುದು. ನಿಮ್ಮ ಸೊಸೈಟಿಯ ಮುಂದಿನ ಸಭೆಯಲ್ಲಿ ಎರಡು ಪ್ರಶ್ನೆ ಕೇಳಿ: ಪಂಪಿನ ವಿದ್ಯುತ್ ಫಲಕ ಎಷ್ಟು ಎತ್ತರದಲ್ಲಿದೆ? ಕೆಳಗಿನಿಂದ ಹೊರಬರಲು ಎರಡನೆಯ ದಾರಿ ಎಲ್ಲಿದೆ? ಉತ್ತರ ಸಿಗದಿದ್ದರೆ ಮಳೆಗಾಲಕ್ಕೆ ಮೊದಲೇ ಅದನ್ನು ಸರಿಪಡಿಸಿಕೊಳ್ಳಿ.