ರೇಟು ಬಿದ್ದ ದಿನ ಐದು ನಿಮಿಷದ ಉಸಿರಾಟ

ಕಳೆದ ವರ್ಷ ಒಂದು ಬೆಳಗ್ಗೆ ಮಂಡಿಯಲ್ಲಿ ನನ್ನ 90 ಬಾಕ್ಸ್ ಟೊಮೆಟೊ ಹರಾಜಿಗೆ ಇಟ್ಟಿದ್ದೆ. 15 ಕೆಜಿ ಬಾಕ್ಸಿಗೆ ಕೂಗು 70 ರೂಪಾಯಿಗೇ ನಿಂತುಹೋಯ್ತು. ಒಟ್ಟು 6,300. ಬಿಡಿಸಿದ ಕೂಲಿ, ಟೆಂಪೊ ಬಾಡಿಗೆ, ಕಮಿಷನ್ ಎಲ್ಲ ಕಳೆದು ಜೇಬಿಗೆ ಬಂದಿದ್ದು 670 ರೂಪಾಯಿ. ಸಸಿ, ಮಲ್ಚಿಂಗ್, ಕಡ್ಡಿ, ದಾರದ ಲೆಕ್ಕ ಇದರಲ್ಲಿ ಇಲ್ಲ.

ಮನೆಗೆ ಬಂದಾಗ ಅಪ್ಪ ಜಗಲಿ ಮೇಲೆ ಕೂತಿದ್ದರು. "ಎಷ್ಟಕ್ಕೆ ಹೋಯ್ತಪ್ಪ?" ಅಂದರು. ಕೇಳಿದ್ದು ಅಷ್ಟೇ. ನಾನು ಬೀದಿಗೆಲ್ಲ ಕೇಳೋ ಹಾಗೆ ಕೂಗಾಡಿಬಿಟ್ಟೆ. ಸಾವಯವ ಅಂತ ಹೋಗಿ ದುಡ್ಡು ಕಳೆದೆ ಅಂತ ಅವರು ಯಾವತ್ತೂ ಅಂದವರಲ್ಲ. ಆದರೂ ಅಂದರು ಅನ್ನೋ ಹಾಗೇ ಉತ್ತರ ಕೊಟ್ಟೆ. ಅದೇ ಸಿಟ್ಟಿನಲ್ಲಿ ರೋಟವೇಟರ್ ಹಾಕಿ ಇಡೀ ತೋಟ ಹೊಡೆದುಬಿಡ್ತೀನಿ ಅಂತ ಟ್ರ್ಯಾಕ್ಟರ್ ಹತ್ತಿದೆ. ಡೀಸೆಲ್ ಇರಲಿಲ್ಲ. ಇದ್ದಿದ್ದರೆ ಇನ್ನೂ ಐದಾರು ಕೊಯ್ಲು ಬಾಕಿ ಇದ್ದ ಗಿಡ ಆವತ್ತೇ ಮಣ್ಣಿಗೆ ಸೇರ್ತಿತ್ತು.

ಅದಾದ ಮೂರ್ನಾಲ್ಕು ದಿನಕ್ಕೆ ತಲೆನೋವು ಅಂತ ಹೋಬಳಿ ಆಸ್ಪತ್ರೆಗೆ ಹೋದೆ. ಬಿಪಿ 150 ಮೇಲೆ ಇತ್ತು. ಡಾಕ್ಟರು ಏನೂ ಬರೆಯದೆ, "ಅಲ್ಲಿ ಕೂತ್ಕೊ, ಮೂಗಲ್ಲಿ ನಿಧಾನಕ್ಕೆ ಉಸಿರು ತಗೊ, ಅದಕ್ಕಿಂತ ನಿಧಾನವಾಗಿ ಬಿಡು. ಹತ್ತು ನಿಮಿಷ ಬಿಟ್ಟು ಮತ್ತೆ ನೋಡ್ತೀನಿ" ಅಂದರು. ಎರಡನೇ ಸಲ 138 ಬಂತು. ತೋಟಗಾರಿಕೆ ಡಿಗ್ರಿ ಮಾಡಿದ ನನಗೆ ಎಲೆ ಹೇಗೆ ಉಸಿರಾಡುತ್ತೆ ಅಂತ ಗೊತ್ತು, ಮಧ್ಯಾಹ್ನದ ಬಿಸಿಲಿಗೆ ಪತ್ರರಂಧ್ರ ಮುಚ್ಚಿಕೊಳ್ಳೋದು ಪರೀಕ್ಷೇಲಿ ಬರೆದಿದ್ದೀನಿ. ನನ್ನ ಉಸಿರು ಹೇಗೆ ಓಡ್ತಿದೆ ಅಂತ ಮಾತ್ರ ಒಂದು ದಿನವೂ ನೋಡಿರಲಿಲ್ಲ.

ಇದು ಹೇಗೆ ಕೆಲಸ ಮಾಡುತ್ತೆ ಅಂತ ಸರಳವಾಗಿ ಹೇಳ್ತೀನಿ. ಭಯವೋ ಸಿಟ್ಟೋ ಬಂದಾಗ ದೇಹ ಹೊಡೆದಾಟಕ್ಕೆ ಇಲ್ಲವೇ ಓಟಕ್ಕೆ ಸಜ್ಜಾಗುತ್ತೆ. ಎದೆ ಬಡಿತ ಏರುತ್ತೆ, ಕೈ ಬೆವರುತ್ತೆ, ಉಸಿರು ಎದೆ ಮೇಲ್ಭಾಗದಲ್ಲೇ ಆಡುತ್ತೆ. ಇದರಲ್ಲಿ ಬಡಿತ, ಬೆವರು ನಮ್ಮ ಮಾತು ಕೇಳಲ್ಲ. ಕೇಳೋದು ಉಸಿರು ಒಂದೇ. ಉಸಿರು ಒಳಗೆ ಎಳೆದಾಗ ಹೃದಯ ಸ್ವಲ್ಪ ಜೋರಾಗಿ ಬಡಿಯುತ್ತೆ, ಬಿಟ್ಟಾಗ ನಿಧಾನ ಆಗುತ್ತೆ. ಮಣಿಕಟ್ಟಿನ ನಾಡಿ ಮೇಲೆ ಬೆರಳಿಟ್ಟು ಈಗಲೇ ನೋಡಿ, ಎಷ್ಟೋ ಜನಕ್ಕೆ ಈ ವ್ಯತ್ಯಾಸ ತಿಳಿಯುತ್ತೆ. ಮೆದುಳಿಂದ ಹೃದಯ, ಶ್ವಾಸಕೋಶ, ಹೊಟ್ಟೆವರೆಗೆ ಹೋಗುವ ವೇಗಸ್ ಅನ್ನೋ ನರ ಈ ಕೆಲಸ ಮಾಡ್ತದೆ. ಅಂದ್ರೆ ಗುಟ್ಟು ಇರೋದು ಉಸಿರು ಎಳೆಯೋದರಲ್ಲಲ್ಲ, ನಿಧಾನವಾಗಿ ಬಿಡೋದರಲ್ಲಿ.

ಸುಮ್ಮನೆ ಕೂತಿದ್ದಾಗ ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡ್ತೀವಿ. ಅದನ್ನ ಆರಕ್ಕೆ ಇಳಿಸಬೇಕು. ನಾನು ಮಾಡೋದು ಹೀಗೆ: ಬೋರ್‌ವೆಲ್ ಪಕ್ಕದ ಹೊಂಗೆ ಮರದ ಕೆಳಗೆ ಕೂತು ಒಂದು ಕೈ ಹೊಟ್ಟೆ ಮೇಲೆ ಇಟ್ಕೊಳ್ತೀನಿ. ಮೂಗಲ್ಲಿ ನಾಲ್ಕು ಎಣಿಸುವವರೆಗೆ ಉಸಿರು ತಗೊಂಡಾಗ ಹೊಟ್ಟೆ ಉಬ್ಬಬೇಕು, ಭುಜ ಏಳಬಾರದು. ಆಮೇಲೆ ಆರು ಎಣಿಸುವವರೆಗೆ ಬಿಡೋದು. ಹತ್ತು ಸೆಕೆಂಡಿಗೆ ಒಂದು ಉಸಿರು ಆಯ್ತಲ್ಲ, ಐದು ನಿಮಿಷಕ್ಕೆ ಮೂವತ್ತು. ಆರು ಕಷ್ಟ ಆದ್ರೆ ಮೂರು-ಐದರಿಂದ ಶುರು ಮಾಡಿ. ಆ್ಯಪ್ ಏನೂ ಬೇಡ, ಫೋನಲ್ಲಿ ಟೈಮರ್ ಇಟ್ಟು ಏರೋಪ್ಲೇನ್ ಮೋಡಿಗೆ ಹಾಕಿ. ಇಲ್ಲಾಂದ್ರೆ ಎರಡನೇ ನಿಮಿಷಕ್ಕೇ ವಾಟ್ಸಾಪ್ ಗ್ರೂಪಲ್ಲಿ ಇವತ್ತಿನ ರೇಟು ಬಂದಿರುತ್ತೆ.

ಕೂತು ಎಣಿಸೋಕೆ ಆಗದ ಕಡೆ, ಉದಾಹರಣೆಗೆ ಹರಾಜು ನಡೀತಿರುವಾಗ, ಇನ್ನೊಂದಿದೆ. ಮೂಗಲ್ಲಿ ಪೂರ್ತಿ ಉಸಿರು ತಗೊಂಡು, ಅದರ ಮೇಲೆ ಇನ್ನೊಂದು ಚಿಕ್ಕ ಗುಟುಕು ಎಳೆದು, ಬಾಯಿಂದ ಉದ್ದಕ್ಕೆ ಬಿಡೋದು. ನಮ್ಮಜ್ಜಿ "ಉಸ್ಸಪ್ಪಾ" ಅಂತಿದ್ದರಲ್ಲ, ಹೆಚ್ಚುಕಮ್ಮಿ ಅದೇ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ದಿನಕ್ಕೆ ಐದು ನಿಮಿಷದಂತೆ ಒಂದು ತಿಂಗಳು ಜನರಿಂದ ಇದನ್ನ ಮಾಡಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ಪರೀಕ್ಷಿಸಿದ ವಿಧಾನಗಳಲ್ಲಿ ಮನಸ್ಸು ಹಗುರ ಮಾಡೋಕೆ ಈ ನಿಟ್ಟುಸಿರೇ ಮುಂದಿತ್ತು.

ರಾತ್ರಿ ತ್ರೀ ಫೇಸ್ ಕರೆಂಟಿಗೆ ಎದ್ದು ಮೋಟರ್ ಹಾಕಿ ಬಂದ ಮೇಲೆ ನಿದ್ದೆ ಹತ್ತದೆ ಸಾಲದ ಲೆಕ್ಕ ತಲೇಲಿ ತಿರುಗುತ್ತಲ್ಲ, ಆಗ ನಾನು ಭ್ರಾಮರಿ ಮಾಡ್ತೀನಿ. ಬಾಯಿ ಮುಚ್ಚಿ, ಜೇನುಹುಳದ ಹಾಗೆ ಗುಂಯ್ ಅಂತ ಉಸಿರು ಬಿಡೋದು. ಮೊದಮೊದಲು ಹೆಂಡತಿ ನಕ್ಕಳು.

"ಉಸಿರಾಟ ಮಾಡಿದ್ರೆ ಸೊಸೈಟಿ ಸಾಲ ತೀರುತ್ತೇನಣ್ಣ?" ಅಂತ ಒಬ್ಬ ಹುಡುಗ ಕೇಳಿದ. ತೀರಲ್ಲ. 2023ರ ಜುಲೈನಲ್ಲಿ ಬಾಕ್ಸ್ 2,000 ರೂಪಾಯಿ ದಾಟಿದ್ದನ್ನ ಕಂಡವರು ನಾವು, ಆ ರೇಟಿನ ರೀಲ್ಸ್ ನೋಡಿ ಸಸಿ ನಾಟಿ ಮಾಡಿ ಕೆಟ್ಟವರೂ ನಾವೇ. ಬೆಲೆ, ಬೋರು, ಮಳೆ ಯಾವುದೂ ಇದರಿಂದ ಬದಲಾಗಲ್ಲ. ಆದ್ರೆ ಆ ಹತ್ತು ನಿಮಿಷದಲ್ಲಿ ನಾವು ಮಾಡಬಾರದ್ದನ್ನ ಮಾಡದೆ ಇರಬಹುದು. ನಾನು ಆ ತೋಟ ಹೊಡೆಯಲಿಲ್ಲ. ಆಮೇಲಿನ ಕೊಯ್ಲುಗಳಿಗೂ ಭಾರೀ ರೇಟೇನೂ ಸಿಗಲಿಲ್ಲ, ಸಸಿ ದುಡ್ಡು ಬಂತು ಅಷ್ಟೇ.

ಒಂದಿಷ್ಟು ಎಚ್ಚರಿಕೆ. ಟ್ರ್ಯಾಕ್ಟರ್, ಬೈಕ್ ಓಡಿಸ್ತಾ ಇದನ್ನ ಮಾಡಬೇಡಿ. ತಲೆ ಸುತ್ತಿದರೆ ನಿಲ್ಲಿಸಿ. ಹೃದಯದ ತೊಂದರೆ, ಜಾಸ್ತಿ ಬಿಪಿ ಇರೋರು, ಗರ್ಭಿಣಿಯರು ಉಸಿರು ಬಿಗಿಹಿಡಿಯೋ ಪ್ರಾಣಾಯಾಮ ಡಾಕ್ಟರನ್ನ ಕೇಳದೆ ಮಾಡಬಾರದು. ಬಿಪಿ ಮಾತ್ರೆ ತಗೊಳ್ಳೋರು ಉಸಿರಾಟ ನಂಬಿ ಅದನ್ನ ಬಿಡಬೇಡಿ. ಎಲ್ಲಕ್ಕಿಂತ ಮುಖ್ಯವಾದ್ದು ಇದು: ಔಷಧಿ ಹೊಡೆದ ಮೇಲೆ ಎದೆ ಬಿಗಿತ, ಬೆವರು, ಜೊಲ್ಲು, ವಾಂತಿ, ಕಣ್ಣು ಮಂಜು ಬಂದರೆ ಅದು ಟೆನ್ಷನ್ ಅಂದ್ಕೊಂಡು ಮರದ ಕೆಳಗೆ ಕೂರಬೇಡಿ. ಬಟ್ಟೆ ಬಿಚ್ಚಿ ಮೈ ತೊಳೆದು, ಔಷಧಿ ಬಾಟಲಿಯ ಲೇಬಲ್ ಜೊತೆಗೆ ಹಿಡ್ಕೊಂಡು ಆಸ್ಪತ್ರೆಗೆ ಓಡಿ, 108ಕ್ಕೆ ಫೋನ್ ಮಾಡಿ. ಎಡಗೈ, ದವಡೆಗೆ ಹರಡೋ ಎದೆನೋವಿಗೂ ಹಾಗೇ.

ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರಲ್ಲ, ಬದುಕೇ ಬೇಡ ಅನ್ನಿಸ್ತಿದೆ ಅಂದ್ರೆ ಅದಕ್ಕೆ ಉಸಿರಾಟ ಸಾಲದು. 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ ಸೇವೆ, ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಂಬರನ್ನ ಈಗಲೇ ಫೋನಲ್ಲಿ ಸೇವ್ ಮಾಡ್ಕೊಳ್ಳಿ, ನಿಮಗಲ್ಲದಿದ್ರೆ ಪಕ್ಕದ ಹೊಲದವನಿಗೆ ಬೇಕಾಗಬಹುದು. ಮನೇಲಿ ಕೀಟನಾಶಕ ಇದ್ದರೆ ಪೆಟ್ಟಿಗೆಗೆ ಹಾಕಿ ಬೀಗ ಹಾಕಿ, ಬೀಗದ ಕೈ ಇನ್ನೊಬ್ಬರ ಹತ್ರ ಇರಲಿ. ಆ ಕೆಟ್ಟ ಗಳಿಗೆ ಬಹಳ ಹೊತ್ತು ಇರಲ್ಲ, ಅಷ್ಟು ಹೊತ್ತು ಡಬ್ಬ ಕೈಗೆ ಸಿಗಬಾರದು.

ಅಪ್ಪನ ಹತ್ರ ತಪ್ಪಾಯ್ತು ಅನ್ನೋಕೆ ನನಗೆ ಹದಿನೈದು ದಿನ ಬೇಕಾಯ್ತು. "ಬಿಡು, ನಾನೂ ನಮ್ಮಪ್ಪನಿಗೆ ಹಂಗೇ ಕೂಗಾಡಿದ್ದೆ" ಅಂದರು. ಈಗ ಮಂಡಿಯಿಂದ ಬಂದ ಮೇಲೆ ನಾನೇ ಮೊದಲು ರೇಟು ಹೇಳಿಬಿಡ್ತೀನಿ.

ಮುಂದಿನ ವಾರ, ಜೀವಾಮೃತ ಬಿಟ್ಟಾಗ ಡ್ರಿಪ್ ಕಟ್ಟಿಕೊಳ್ಳದ ಹಾಗೆ ಸೋಸೋದು ಹೇಗೆ ಅಂತ ನೋಡೋಣ.