ಶಾಲೆ ದೊಡ್ಡದೋ, ಸೇರಿದ ಮಕ್ಕಳೇ ಜಾಣರೋ?

ನ್ಯೂಯಾರ್ಕ್‌ನಲ್ಲಿ ಒಂದು ಸರ್ಕಾರಿ ಹೈಸ್ಕೂಲ್ ಇದೆ. ಹೆಸರು ಸ್ಟೈವೆಸೆಂಟ್. ಹೌದು ಸ್ವಾಮಿ, ಸರ್ಕಾರಿ. ಫೀಸಿಲ್ಲ, ಡೊನೇಷನ್ ಇಲ್ಲ, ಯಾರದೋ ಶಿಫಾರಸು ಪತ್ರ ನಡೆಯಲ್ಲ. 1904ರಲ್ಲಿ ಶುರುವಾದ ಈ ಶಾಲೆಯಲ್ಲಿ ಓದಿದ ನಾಲ್ವರಿಗೆ ನೊಬೆಲ್ ಬಂದಿದೆ. ಅದೇ ಊರಿನ ಇನ್ನೊಂದು ಸರ್ಕಾರಿ ಶಾಲೆ ಬ್ರಾಂಕ್ಸ್ ಸೈನ್ಸ್. ಅಲ್ಲಿಂದ 1950ರಲ್ಲಿ ಒಂದೇ ಬ್ಯಾಚ್‌ನಲ್ಲಿ ಹೊರಬಂದ ಸ್ಟೀವನ್ ವೈನ್‌ಬರ್ಗ್ ಮತ್ತು ಶೆಲ್ಡನ್ ಗ್ಲಾಶೋ, 1979ರಲ್ಲಿ ಪಾಕಿಸ್ತಾನದ ಅಬ್ದುಸ್ ಸಲಾಂ ಜೊತೆ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡರು. ಒಂದೇ ಹೈಸ್ಕೂಲಿನ ಒಂದೇ ಬ್ಯಾಚ್, ಇಬ್ಬರಿಗೆ ನೊಬೆಲ್!

ಇದನ್ನು ಕೇಳಿದ ಯಾವ ಅಪ್ಪ-ಅಮ್ಮ ತಾನೇ ನಮ್ಮ ಮಗುವಿಗೂ ಅಂಥ ಶಾಲೆ ಸಿಗಲಿ ಅನ್ನೋದಿಲ್ಲ? ಆದರೆ ಇವತ್ತು ನಾನು ಕೇಳ್ತಿರೋದು ಬೇರೆ ಪ್ರಶ್ನೆ. ಆ ಮಕ್ಕಳು ಬೆಳಗಿದ್ದು ಶಾಲೆಯಿಂದಲೋ, ಬೆಳಗುವ ಮಕ್ಕಳನ್ನೇ ಶಾಲೆ ಆರಿಸಿಕೊಂಡಿತೋ?

ಮೊದಲು ಸೇರುವ ದಾರಿ ನೋಡಿ. ನ್ಯೂಯಾರ್ಕ್‌ನಲ್ಲಿ ಇಂಥ ಎಂಟು ಶಾಲೆಗಳಿವೆ. ಸಾಮಾನ್ಯವಾಗಿ ಎಂಟನೇ ಕ್ಲಾಸಿನ ಮಕ್ಕಳು ಬರೆಯುವ ಒಂದೇ ಒಂದು ಪರೀಕ್ಷೆ, ಮೂರು ಗಂಟೆ, ಇಂಗ್ಲಿಷು ಮತ್ತು ಗಣಿತ. ಏಳು ವರ್ಷ ಓದಿದ ಶಾಲೆಯ ಅಂಕಗಳೂ ಲೆಕ್ಕಕ್ಕಿಲ್ಲ, ಟೀಚರ್ ಅಭಿಪ್ರಾಯವೂ ಬೇಡ. 1971ರಲ್ಲಿ ಇದಕ್ಕೆ ರಾಜ್ಯದ ಕಾನೂನೇ ಆಯಿತು. 2019ರಲ್ಲಿ ಸುಮಾರು 27,500 ಮಕ್ಕಳು ಪರೀಕ್ಷೆ ಬರೆದರು, ಸೀಟು ಸಿಕ್ಕಿದ್ದು ಸುಮಾರು 4,800 ಮಂದಿಗೆ.

ಗಟ್ಟಿ ಸಸಿಗಳನ್ನೇ ಆರಿಸಿ ನೆಟ್ಟ ಗದ್ದೆಯಲ್ಲಿ ಒಳ್ಳೆಯ ಫಸಲು ಬಂದರೆ, ಹಾಕಿದ ಗೊಬ್ಬರವೇ ಒಳ್ಳೆಯದಿತ್ತು ಅಂತ ಹೇಗೆ ಹೇಳ್ತೀರಿ? ಅದೇ ಸಸಿಗಳನ್ನು ಪಕ್ಕದ ಗದ್ದೆಯಲ್ಲಿ ನೆಟ್ಟಿದ್ದರೆ ಏನಾಗ್ತಿತ್ತು ಅನ್ನೋದು ಗೊತ್ತಾಗಬೇಕಲ್ಲ?

ಅದನ್ನೇ ಮೂವರು ಅರ್ಥಶಾಸ್ತ್ರಜ್ಞರು ಪತ್ತೆ ಹಚ್ಚಿದರು. ಅತಿಲಾ ಅಬ್ದುಲ್‌ಕಾದಿರೋಗ್ಲು, ಜೋಶುವಾ ಆಂಗ್ರಿಸ್ಟ್, ಪರಾಗ್ ಪಾಠಕ್. ಇವರಲ್ಲಿ ಆಂಗ್ರಿಸ್ಟ್ 2021ರಲ್ಲಿ ನೊಬೆಲ್ ಹಂಚಿಕೊಂಡವರು. ಅವರ ಉಪಾಯ ಬಹಳ ಸರಳ. ಕಟ್ ಆಫ್ 560 ಅಂತ ಇಟ್ಟುಕೊಳ್ಳಿ. 561 ತೆಗೆದ ಹುಡುಗಿ ಒಳಗೆ, 559 ತೆಗೆದ ಹುಡುಗ ಹೊರಗೆ. ಈ ಇಬ್ಬರಲ್ಲಿ ಬುದ್ಧಿಯ ವ್ಯತ್ಯಾಸ ಎಷ್ಟಿರುತ್ತೆ? ಏನೂ ಇಲ್ಲ. ಒಬ್ಬನಿಗೆ ಆವತ್ತು ಬೆಳಗ್ಗೆ ತಲೆನೋವು ಇದ್ದಿರಬಹುದು, ಅಷ್ಟೇ. ಮಕ್ಕಳು ಒಂದೇ ಥರ, ಶಾಲೆ ಮಾತ್ರ ಬೇರೆ. ನಾಲ್ಕು ವರ್ಷ ಬಿಟ್ಟು ಇಬ್ಬರನ್ನೂ ಹೋಲಿಸಿದರೆ ಶಾಲೆಯ ನಿಜವಾದ ತೂಕ ಸಿಗುತ್ತದೆ. ಹೀಗೆ ಗೆರೆಯ ಆಚೀಚೆ ನಿಂತ ಸಾವಿರಾರು ಮಕ್ಕಳ ಲೆಕ್ಕವನ್ನು ಅವರು ತೆಗೆದರು. ನ್ಯೂಯಾರ್ಕ್‌ನ ಹಳೆಯ ಮೂರು ಶಾಲೆಗಳು, ಬಾಸ್ಟನ್‌ನ ಮೂರು. ಬಾಸ್ಟನ್‌ನವುಗಳಲ್ಲಿ ಒಂದು 1635ರಷ್ಟು ಹಳೆಯದು, ಬಾಸ್ಟನ್ ಲ್ಯಾಟಿನ್ ಸ್ಕೂಲ್.

ಫಲಿತಾಂಶ 2014ರಲ್ಲಿ ಅಚ್ಚಾಯಿತು. ಅಲ್ಲೊಂದು ಇಲ್ಲೊಂದು ಬಿಟ್ಟರೆ, ಗೆರೆ ದಾಟಿದವರಿಗೂ ದಾಟದವರಿಗೂ ಪರೀಕ್ಷೆಯ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ! ಒಳಗೆ ಹೋದವರ ಸಹಪಾಠಿಗಳು ಎಷ್ಟೋ ಜಾಣರು. ಆದರೂ ಆ ಜಾಣತನ ಪಕ್ಕದ ಬೆಂಚಿಗೆ ಹರಿದು ಬರಲಿಲ್ಲ. ವಿಲ್ ಡಾಬಿ, ರೋಲಂಡ್ ಫ್ರೈಯರ್ ಎಂಬ ಇನ್ನಿಬ್ಬರು ನ್ಯೂಯಾರ್ಕ್‌ನ ಮಕ್ಕಳನ್ನೇ ಕಾಲೇಜಿನವರೆಗೂ ಹಿಂಬಾಲಿಸಿದರು. ಅಲ್ಲೂ ದೊಡ್ಡ ಲಾಭ ಕಾಣಲಿಲ್ಲ.

ಹಾಗಾದರೆ ಇವೆಲ್ಲ ಬರೀ ಬೋರ್ಡಿನ ಶಾಲೆಗಳಾ? ಅಲ್ಲ ರೀ, ಅಷ್ಟು ಬೇಗ ತೀರ್ಪು ಕೊಡಬೇಡಿ. ಈ ಲೆಕ್ಕ ಹೇಳೋದು ಗೆರೆಯ ಅಂಚಿನಲ್ಲಿರುವ ಮಕ್ಕಳ ಬಗ್ಗೆ ಮಾತ್ರ. ವೈನ್‌ಬರ್ಗ್ ಥರದ ಹುಡುಗನಿಗೆ ತನ್ನ ಹಾಗೇ ಹುಚ್ಚು ಹಿಡಿದ ಇನ್ನೊಬ್ಬ ಗೆಳೆಯ ಅದೇ ಕ್ಲಾಸಿನಲ್ಲಿ ಸಿಕ್ಕಿದ್ದರ ಬೆಲೆಯನ್ನು ಇದು ಅಳೆಯಲ್ಲ. ಸ್ಟೈವೆಸೆಂಟ್ ಸಿಗದವನು ಬೀದಿಗೆ ಬೀಳೋದೂ ಇಲ್ಲ, ಎಷ್ಟೋ ಸಲ ಅದೇ ಪಟ್ಟಿಯ ಮುಂದಿನ ಶಾಲೆಗೆ ಹೋಗ್ತಾನೆ. ಪಕ್ಕದ ಶಾಲೆ ಕೆಟ್ಟು ಕೂತಿರುವ ಕಡೆ ಉತ್ತರ ಬೇರೆ ಬರಬಹುದು.

ಬಂದೂ ಇದೆ. ರೊಮೇನಿಯಾದಲ್ಲಿ ಇದೇ ಉಪಾಯದಿಂದ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅಲ್ಲಿ ಹೆಚ್ಚು ಅಂಕದ ಮಕ್ಕಳಿರುವ ಶಾಲೆಗೆ ಕೂದಲೆಳೆ ಅಂತರದಲ್ಲಿ ಸೇರಿದವರು ಕೊನೆಯ ಪರೀಕ್ಷೆಯಲ್ಲಿ ಸ್ವಲ್ಪ ಮುಂದೆಯೇ ಇದ್ದರು. ಆದರೆ ಆ ಮಕ್ಕಳಿಗೆ ತಾವೇ ಕ್ಲಾಸಿನಲ್ಲಿ ಹಿಂದೆ ಅನ್ನೋ ಕೀಳರಿಮೆ. ಅಪ್ಪ-ಅಮ್ಮಂದಿರು ಹೋಮ್‌ವರ್ಕ್ ನೋಡೋದನ್ನೇ ಕಡಿಮೆ ಮಾಡಿದ್ದರು! ಒಳ್ಳೆ ಶಾಲೆ ಸಿಕ್ತಲ್ಲ, ಇನ್ನು ನಮ್ಮ ಕೆಲಸ ಮುಗೀತು ಅಂತ.

ಇದು ಬರೀ ಪಂಡಿತರ ಚರ್ಚೆ ಅಂದುಕೊಳ್ಳಬೇಡಿ. 2019ರಲ್ಲಿ ಸ್ಟೈವೆಸೆಂಟ್‌ನ 895 ಸೀಟುಗಳಲ್ಲಿ ಕಪ್ಪು ಮಕ್ಕಳಿಗೆ ಸಿಕ್ಕಿದ್ದು ಏಳು. ಎಪ್ಪತ್ತಲ್ಲ, ಏಳು. ಹೆಚ್ಚಿನ ಸೀಟು ಏಷ್ಯಾ ಮೂಲದವರಿಗೆ. ಚೀನಾ, ಬಾಂಗ್ಲಾದೇಶ, ಭಾರತದಿಂದ ಹೋಗಿ ದುಡಿಯುತ್ತಿರುವ ಎಷ್ಟೋ ಮನೆಗಳು ಕೋಚಿಂಗ್‌ಗೆ ದುಡ್ಡು ಹೊಂದಿಸಿ ಮಕ್ಕಳನ್ನು ಅಲ್ಲಿಗೆ ಕಳಿಸುತ್ತವೆ. ಆ ಪರೀಕ್ಷೆಯನ್ನೇ ತೆಗೆಯೋಣ ಅಂತ ಮೇಯರ್ ಬಿಲ್ ಡಿ ಬ್ಲಾಸಿಯೊ 2018ರಲ್ಲಿ ಹೊರಟಾಗ ಈ ಕುಟುಂಬಗಳು ಬೀದಿಗಿಳಿದವು. ಪ್ರಸ್ತಾಪ ಬಿದ್ದುಹೋಯಿತು. ಎರಡೂ ಕಡೆಯವರು ಒಂದು ಮಾತನ್ನು ಮಾತ್ರ ಪ್ರಶ್ನೆಯಿಲ್ಲದೆ ಒಪ್ಪಿದ್ದರು: ಆ ಗೇಟಿನೊಳಗೆ ಹೋದರೆ ಜೀವನ ಬದಲಾಗುತ್ತೆ ಅಂತ. ಅದು ಎಷ್ಟು ನಿಜ ಅನ್ನೋದೇ ಇಲ್ಲಿ ಪ್ರಶ್ನೆ.

ಈಗ ನಮ್ಮ ತಪ್ಪನ್ನೂ ಒಪ್ಪಿಕೊಳ್ತೀನಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಾವು ಟಿವಿಯವರು ಏನು ಮಾಡ್ತೀವಿ? ನೂರಕ್ಕೆ ನೂರು ಬಂದ ಶಾಲೆಗೆ ಕ್ಯಾಮೆರಾ ಕಳಿಸ್ತೀವಿ, ಪ್ರಿನ್ಸಿಪಾಲರ ಬಾಯಿಗೆ ಸ್ವೀಟ್ ಇಡೋದನ್ನ ಲೈವ್ ತೋರಿಸ್ತೀವಿ. ನಾನೇ ಎಷ್ಟು ಸಲ ಅದನ್ನು ಸ್ಟುಡಿಯೋದಲ್ಲಿ ಕೂತು ಓದಿದ್ದೀನಿ! ಒಂದು ವರ್ಷ ಕಾರ್ಯಕ್ರಮದ ಮಧ್ಯೆ ಒಬ್ಬ ತಂದೆ ಫೋನ್ ಮಾಡಿದರು. "ಸರ್, ನೀವು ಹೊಗಳ್ತಿದೀರಲ್ಲ, ಆ ಶಾಲೆಯವರು ನನ್ನ ಮಗನ ಕೈಗೆ ಒಂಬತ್ತನೇ ಕ್ಲಾಸಿನಲ್ಲೇ ಟಿಸಿ ಕೊಟ್ಟು ಕಳಿಸಿದ್ರು. ಅವನಿದ್ದಿದ್ರೆ ನೂರು ಬರ್ತಿರಲಿಲ್ಲ." ನನ್ನ ಹತ್ತಿರ ಉತ್ತರ ಇರಲಿಲ್ಲ. ಜಾಹೀರಾತಿಗೆ ಹೋದೆವು.

ಹಾಗಾಗಿ ಮುಂದಿನ ಸಲ ಶಾಲೆ ಹುಡುಕುವಾಗ ಫ್ಲೆಕ್ಸ್ ಮೇಲಿನ ಟಾಪರ್ ಫೋಟೋ ಬಿಡಿ. ಎಂಟನೇ ಕ್ಲಾಸಿಗೆ ಎಷ್ಟು ಮಕ್ಕಳು ಸೇರಿದ್ರು, ಅವರಲ್ಲಿ ಎಷ್ಟು ಜನ ನಿಮ್ಮ ಶಾಲೆಯಿಂದಲೇ ಹತ್ತನೇ ಕ್ಲಾಸ್ ಬರೆದರು ಅಂತ ಕೇಳಿ. ನಲವತ್ತೈದು ಅಂಕದ ಮಗು ಬಂದಿದ್ರೆ ಅದು ಎಷ್ಟಕ್ಕೆ ಏರಿತು ಅಂತ ಕೇಳಿ. ಅಡ್ಮಿಷನ್ ಕೌಂಟರ್‌ನಲ್ಲಿ ಕೂತವರು ನಿಮ್ಮ ಮುಖವನ್ನೇ ನೋಡ್ತಾರೆ, ಇದ್ಯಾವ ಪ್ರಶ್ನೆ ಅಂತ. ನೋಡಲಿ ಬಿಡಿ. ಉತ್ತರ ಬರುವ ತನಕ ಚೆಕ್ ಬರೀಬೇಡಿ.